ಸಾಲಗಾರ ಸೂರ್ಯ

1708ರ ಮೇ ತಿಂಗಳು. ಪ್ಯಾರಿಸ್ಸಿನ ಆಚೆ ಮಾರ್ಲಿ ಎಂಬಲ್ಲಿ ಫ್ರಾನ್ಸಿನ ದೊರೆ, 'ಸೂರ್ಯರಾಜ' ಹದಿನಾಲ್ಕನೇ ಲೂಯಿ ತೋಟದ ತಿರುಗಾಟಕ್ಕೆ ಹೊರಟಿದ್ದಾನೆ. ವಯಸ್ಸು ಎಪ್ಪತ್ತರ ಹತ್ತಿರ. ಮಾರ್ಲಿ ಅವನ ಖಾಸಗಿ ಬಿಡಾರ. ಅಲ್ಲಿಗೆ ಕರೆ ಬರಬೇಕೆಂದು ಡ್ಯೂಕುಗಳೂ ಅವರ ಹೆಂಡಂದಿರೂ ಅವನು ಹಾದುಹೋಗುವ ದಾರಿಯಲ್ಲಿ ನಿಂತು 'ಮಾರ್ಲಿ, ಪ್ರಭು?' ಎಂದು ಅಂಗಲಾಚುತ್ತಿದ್ದ ಕಾಲ ಅದು. ಆ ದಿನ ದೊರೆ ಹಣಕಾಸು ಮಂತ್ರಿ ದೆಮಾರೆಯ ಮಂಟಪದ ಮುಂದೆ ನಿಂತ. ಒಳಗಿಂದ ಮಂತ್ರಿಯ ಜೊತೆ ಹೊರಬಂದವನು ಸ್ಯಾಮ್ಯುಯೆಲ್ ಬರ್ನಾರ್, ಸಾಹುಕಾರ, ಬಡ್ಡಿ ವ್ಯಾಪಾರಿ. ಮಾರ್ಲಿಯನ್ನು ನೀವು ನೋಡಿರಲಾರಿರಿ, ಬನ್ನಿ, ತೋರಿಸುತ್ತೇನೆ ಎಂದು ದೊರೆ ಅವನನ್ನು ಜೊತೆಗೆ ಕರೆದುಕೊಂಡ. ಯಾರೊಂದಿಗೂ ಎರಡು ಮಾತಿಗಿಂತ ಹೆಚ್ಚು ಆಡದ ಮಹಾರಾಜ ಈ ಲೇವಾದೇವಿಯವನಿಗೆ ಕೊಳ, ಕಾರಂಜಿ, ಮರಗಳ ಸಾಲನ್ನೆಲ್ಲ ತಾನೇ ತೋರಿಸಿಕೊಂಡು ನಡೆದ. ತಿರುಗಾಟ ಮುಗಿಯುವಷ್ಟರಲ್ಲಿ ಬರ್ನಾರ್ ಕರಗಿಹೋಗಿದ್ದ. ಹಳೆಯ ಬಾಕಿ ತೀರುವವರೆಗೆ ಇನ್ನೊಂದು ಕಾಸೂ ಬಿಚ್ಚುವುದಿಲ್ಲ ಎಂದು ಕೂತಿದ್ದವನು, ತಾನು ದಿವಾಳಿಯಾದರೂ ಸರಿ, ಇಂಥ ದೊರೆಯನ್ನು ಕೈಬಿಡಲಾರೆ ಎಂದು ದೆಮಾರೆಗೆ ಹೇಳಿ ಥೈಲಿ ಬಿಚ್ಚಿದ.

ಇದನ್ನು ಬರೆದಿಟ್ಟವನು ಡ್ಯೂಕ್ ಸೇಂ-ಸಿಮೋನ್. ಸಾಹುಕಾರರನ್ನು ಕಂಡರಾಗದವನು, ನಾಲಗೆಯಲ್ಲಿ ವಿಷ ಇಟ್ಟುಕೊಂಡೇ ಬರೆದವನು. ಮಾತುಗಳನ್ನು ಅವನು ಒಂದಿಷ್ಟು ಹೊಳಪಿಟ್ಟು ಬರೆದಿರಬಹುದು. ಆದರೆ ಸಾಲ ನಿಜ, ಅದರ ತುರ್ತು ನಿಜ. ಮಾರನೇ ವರ್ಷವೇ ಬರ್ನಾರ್ ಲಿಯೋನ್ ಪೇಟೆಯಲ್ಲಿ ಹುಂಡಿ ತೀರಿಸಲಾಗದೆ ಕೈಯೆತ್ತಿದ್ದೂ ನಿಜ.

ಈ ಲೂಯಿಯನ್ನು ನಾವು ಶಾಲೆಯಲ್ಲಿ ಓದಿದ್ದು 'ನಿರಂಕುಶ ಪ್ರಭು' ಎಂದು. ಒಂದು ಅಂಕದ ಪ್ರಶ್ನೆಯೊಂದು ತಪ್ಪದೆ ಬರುತ್ತಿತ್ತು: ನಾನೇ ರಾಜ್ಯ ಎಂದು ಹೇಳಿದ ದೊರೆ ಯಾರು? ಆ ಅಂಕವನ್ನು ನಾನೂ ಗಿಟ್ಟಿಸಿಕೊಂಡಿದ್ದೇನೆ. 1655ರ ಏಪ್ರಿಲ್ 13ರಂದು ಪ್ಯಾರಿಸ್ಸಿನ ನ್ಯಾಯಾಧೀಶರೆದುರು ಹದಿನಾರರ ಹುಡುಗ ಈ ಮಾತು ಆಡಿದನೆಂಬುದು ಕಥೆ. ಆ ದಿನದ ಸಮಕಾಲೀನ ದಾಖಲೆಗಳಲ್ಲಿ ಅಂಥ ಮಾತಿಲ್ಲ. ಸಾಯುವಾಗ ಆತ ಹೇಳಿದ್ದೆಂದು ಆಸ್ಥಾನದವರು ಬರೆದಿಟ್ಟದ್ದು ಇದಕ್ಕೆ ತದ್ವಿರುದ್ಧ: ನಾನು ಹೋಗುತ್ತೇನೆ, ರಾಜ್ಯ ಉಳಿಯುತ್ತದೆ ಎಂಬರ್ಥದ ಮಾತು.

ನಮ್ಮ 'ನಿರಂಕುಶ' ಸೊಗಸಾದ ಶಬ್ದ. ಅದರೊಳಗೆ ಒಂದು ಆನೆ ಇದೆ, ಮೇಲೆ ಮಾವುತನಿಲ್ಲ, ಅಂಕುಶವಿಲ್ಲ. ಎತ್ತ ನುಗ್ಗಿದರೂ ತಡೆಯುವವರಿಲ್ಲ. ಯುರೋಪಿನ ಮೂಲ ಪದದಲ್ಲಿ ಆನೆ ಇಲ್ಲ. ಲ್ಯಾಟಿನ್ನಿನ ಆ ಪದಕ್ಕೆ ಕಟ್ಟು ಬಿಚ್ಚಿದ್ದು, ಬಿಡಿಸಿದ್ದು ಎಂದಷ್ಟೇ ಅರ್ಥ. ದೊರೆ ತಾನು ಮಾಡಿದ ಕಾನೂನಿಗೆ ತಾನು ಕಟ್ಟುಬಿದ್ದವನಲ್ಲ ಎಂಬುದು ಅದರ ಹಿಂದಿನ ನ್ಯಾಯಶಾಸ್ತ್ರದ ಸೂತ್ರ. 1576ರಲ್ಲಿ ಸಾರ್ವಭೌಮತ್ವದ ಬಗ್ಗೆ ದೊಡ್ಡ ಗ್ರಂಥ ಬರೆದ ಜಾನ್ ಬೋದಾನ್ ಕೂಡ, ಪ್ರಜೆಯ ಆಸ್ತಿಯನ್ನು ದೊರೆ ಸುಮ್ಮನೆ ಕಿತ್ತುಕೊಳ್ಳುವಂತಿಲ್ಲ ಎಂದು ಗೆರೆ ಎಳೆದಿದ್ದ. ಲೂಯಿಯ ಮಗನಿಗೆ ಪಾಠ ಹೇಳಿದ ಬಿಷಪ್ ಬೊಸ್ಸುವೆ, ಪರಮಾಧಿಕಾರವೇ ಬೇರೆ, ಮನಬಂದಂತೆ ಆಳುವುದೇ ಬೇರೆ ಎಂದು ವಾದಿಸಿದ. (ಆನೆಯ ಮಾತು ಬಂದದ್ದಕ್ಕೆ: ಲೂಯಿಯ ಬಳಿ ನಿಜವಾದ ಆನೆಯೂ ಇತ್ತು. 1668ರಲ್ಲಿ ಪೋರ್ಚುಗಲ್ಲಿನಿಂದ ಉಡುಗೊರೆಯಾಗಿ ಬಂದದ್ದು. ವರ್ಸೇಲ್ಸಿನ ಪ್ರಾಣಿಶಾಲೆಯಲ್ಲಿ ಬ್ರೆಡ್ಡು, ಸೂಪು, ವೈನು ಸೇವಿಸಿಕೊಂಡು 13 ವರ್ಷ ಬದುಕಿತು.)

ಅಂಕುಶವಿಲ್ಲದ ಆನೆ ಸಾಹುಕಾರನಿಗೆ ತೋಟ ತೋರಿಸಿಕೊಂಡು ಏಕೆ ತಿರುಗಿತು? ರಾಜ್ಯಕ್ಕೆ ದುಡ್ಡಿನ ಬಿಕ್ಕಟ್ಟು ಬಂದಿತ್ತು ಎನ್ನುವುದು ಅರ್ಧ ಉತ್ತರ. ನನ್ನ ವಾದ ಇಷ್ಟು: ಆ ಬಿಕ್ಕಟ್ಟು ಅವನ ಪರಮಾಧಿಕಾರದಿಂದಲೇ ಹುಟ್ಟಿದ್ದು. ಕೊಟ್ಟ ಮಾತನ್ನು ಮುರಿಯುವ ಹಕ್ಕಿರುವವನ ಮಾತಿಗೆ ಪೇಟೆಯಲ್ಲಿ ಬೆಲೆ ಇರುವುದಿಲ್ಲ. ಲೂಯಿ ಆ ಬೆಲೆಯನ್ನು ಐವತ್ತು ವರ್ಷ ಬೇರೆಯವರಿಂದ ಕಡ ತಂದ. ಹಾಗೆ ಕಡ ಕೊಟ್ಟವರ ಮುಂದೆ ಅವನು ಸಾಧುವಾಗಿದ್ದ. ಕೊಡಲು ಏನೂ ಇಲ್ಲದವರು ಮಾತ್ರ ಅವನನ್ನು ಪೂರ್ತಿ ನಿರಂಕುಶನಾಗಿ ಕಂಡರು.

ಕಥೆ ಅವನ ಬಾಲ್ಯದಿಂದ ಶುರುವಾಗುತ್ತದೆ. 1643ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಐದು ತುಂಬಿರಲಿಲ್ಲ. 1648ರಲ್ಲಿ ದಂಗೆ ಎದ್ದಿತು. 1649ರ ಜನವರಿಯ ಒಂದು ರಾತ್ರಿ ತಾಯಿ ಮಗನನ್ನು ಕರೆದುಕೊಂಡು ಪ್ಯಾರಿಸ್ ಬಿಟ್ಟು ಓಡಿದಳು. ಸಾಮಾನು ಸರಂಜಾಮಿಲ್ಲದ ಸೇಂ-ಜರ್ಮೇನ್ ಅರಮನೆಯಲ್ಲಿ ಪರಿವಾರದ ಹೆಚ್ಚಿನವರು ಹುಲ್ಲಿನ ಮೇಲೆ ಮಲಗಿದರು. 1651ರ ಫೆಬ್ರವರಿಯಲ್ಲಿ ದೊರೆ ಮತ್ತೆ ಓಡಿಹೋದನೆಂಬ ಗಾಳಿಮಾತಿಗೆ ಪ್ಯಾರಿಸ್ಸಿನ ಜನ ಅರಮನೆಗೇ ನುಗ್ಗಿದರು. ತಾಯಿ ಮಲಗುವ ಕೋಣೆಯ ಬಾಗಿಲು ತೆಗೆಸಿದಳು. ಹನ್ನೆರಡರ ಹುಡುಗ ಬಟ್ಟೆ ಹಾಕಿಕೊಂಡೇ ಹೊದಿಕೆಯೊಳಗೆ ನಿದ್ದೆಯ ನಟನೆ ಮಾಡುತ್ತಿದ್ದ. ಜನ ಸಾಲಾಗಿ ಬಂದು ಮಂಚದ ಪಕ್ಕ ನಿಂತು ನೋಡಿ ಹೋದರು. ಈ ಅವಮಾನವೇ ಮುಂದೆ ಶ್ರೀಮಂತರನ್ನು ಬಗ್ಗುಬಡಿಯುವ ಹಟವಾಯಿತು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೌದಿರಬಹುದು. ಆದರೆ 1648ರ ಜಗಳ ಹತ್ತಿದ್ದು ಎಲ್ಲಿಂದ ಎಂದು ನೋಡಿದರೆ ಇನ್ನೊಂದು ಪಾಠವೂ ಕಾಣುತ್ತದೆ. ಅದು ಹತ್ತಿದ್ದು 'ಪೋಲೆತ್' ಎಂಬ ಒಂದು ಕಂದಾಯದಿಂದ.

ಫ್ರಾನ್ಸಿನಲ್ಲಿ ಸರ್ಕಾರಿ ಹುದ್ದೆ ಎಂದರೆ ಆಸ್ತಿ. ನ್ಯಾಯಾಧೀಶನ ಪೀಠ, ತೆರಿಗೆ ಲೆಕ್ಕಿಗನ ಮಣೆ ಎಲ್ಲವನ್ನೂ ದೊರೆ ಮಾರುತ್ತಿದ್ದ. ಕೊಂಡವನು 1604ರಿಂದೀಚೆಗೆ ಹುದ್ದೆಯ ಬೆಲೆಯ ಅರವತ್ತರಲ್ಲೊಂದು ಪಾಲನ್ನು ವರ್ಷ ವರ್ಷ ಕಟ್ಟಿದರೆ ಅದನ್ನು ಮಗನಿಗೆ ಬಿಟ್ಟುಹೋಗಬಹುದಿತ್ತು, ಮಾರಬಹುದಿತ್ತು, ಮಗಳ ವರದಕ್ಷಿಣೆಗೆ ಲೆಕ್ಕ ಹಿಡಿಯಬಹುದಿತ್ತು. ಈ ಸೌಲಭ್ಯದ ನವೀಕರಣಕ್ಕೆ 1648ರಲ್ಲಿ ಸರ್ಕಾರ ಕಟುವಾದ ಷರತ್ತು ಹಾಕಿತು. ಪ್ಯಾರಿಸ್ಸಿನ ಪಾರ್ಲೆಮಾನ್ ತಿರುಗಿಬಿತ್ತು. ಹೆಸರು ಕೇಳಿ ನಮ್ಮ ಪಾರ್ಲಿಮೆಂಟನ್ನು ನೆನೆಯಬೇಡಿ. ಅದು ಚುನಾಯಿತ ಸಭೆಯಲ್ಲ, ದುಡ್ಡು ಕೊಟ್ಟು ಪೀಠ ಕೊಂಡ ನ್ಯಾಯಾಧೀಶರ ಉಚ್ಚ ನ್ಯಾಯಾಲಯ. ದೊರೆಯ ಆಜ್ಞೆಗಳು ಅಲ್ಲಿ ದಾಖಲಾದ ಮೇಲೇ ಕಾನೂನು. ಲೂಯಿ ಬೆಳೆದು ದೊಡ್ಡವನಾಗಿ 1673ರಲ್ಲಿ ಆ ನ್ಯಾಯಾಲಯಗಳ ಬಾಯಿ ಕಟ್ಟಿದ: ಮೊದಲು ದಾಖಲಿಸಿ, ಆಕ್ಷೇಪ ಆಮೇಲೆ ಎಂದ. ಆದರೆ ಅವರ ಹುದ್ದೆಯ ಮೇಲಿನ ಆಸ್ತಿ ಹಕ್ಕಿಗೆ ಮಾತ್ರ ಕೈ ಹಾಕಲಿಲ್ಲ. ಬಾಯಿ ಮುಚ್ಚಿಸಿದರೂ ಗಂಟನ್ನು ಮುಟ್ಟಲಿಲ್ಲ.

1660ರ ದಶಕದ ನಡುವೆ, ಹಣಕಾಸು ನೋಡುತ್ತಿದ್ದ ಮಂತ್ರಿ ಕೋಲ್ಬೇರ್ ಲೆಕ್ಕ ಹಾಕಿಸಿದಾಗ ಇಂಥ ಹುದ್ದೆಗಳು ಸುಮಾರು 46,000 ಸಿಕ್ಕವು. ಅವುಗಳ ಬೆಲೆ 42 ಕೋಟಿ ಲಿವ್ರ್ ಹತ್ತಿರ, ಅಂದರೆ ರಾಜ್ಯದ ವರ್ಷದ ಆದಾಯದ ಎಷ್ಟೋ ಪಟ್ಟು. ಕೋಲ್ಬೇರ್ ಉಣ್ಣೆಬಟ್ಟೆ ವ್ಯಾಪಾರಿಯ ಮಗ, ಲೆಕ್ಕದಲ್ಲಿ ಗಟ್ಟಿ. ಈ ಸಾವಿರಾರು ಜನ ದುಡಿಮೆಯ ದುಡ್ಡನ್ನು ಪೀಠಗಳಲ್ಲಿ ಹೂತುಬಿಟ್ಟಿದ್ದಾರೆ, ವ್ಯಾಪಾರಕ್ಕೆ ಬಂಡವಾಳವೇ ಇಲ್ಲವಾಗುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಹುದ್ದೆ ಕಮ್ಮಿ ಮಾಡಲು ಹೊರಟ, ಆಗಲಿಲ್ಲ. ವಾಪಸು ಕೊಳ್ಳಲು ದುಡ್ಡೆಲ್ಲಿ? 1672ರಲ್ಲಿ ಡಚ್ಚರ ಮೇಲೆ ಯುದ್ಧ ಶುರುವಾದ ಮೇಲೆ ಮತ್ತೆ ಮಾರುವುದೇ ಗತಿಯಾಯಿತು. 1683ರಲ್ಲಿ ಅವನು ಸತ್ತ ಮೇಲಂತೂ ಲಂಗುಲಗಾಮಿಲ್ಲ. 1692ರಲ್ಲಿ ಊರುಗಳ ಮೇಯರ್ ಪದವಿಯನ್ನೇ ಮಾರಾಟಕ್ಕಿಟ್ಟರು. ಹಿಂದಿನಂತೆ ತಮ್ಮ ಮೇಯರನ್ನು ತಾವೇ ಆರಿಸಿಕೊಳ್ಳಬೇಕೆಂಬ ಊರುಗಳು ಆ ಪದವಿಯನ್ನು ತಾವೇ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ತನ್ನದನ್ನು ತಾನೇ ಕೊಳ್ಳುವ ವ್ಯವಹಾರ. 1696ರಲ್ಲಿ ಶ್ರೀಮಂತ ಕುಲದ ಪಟ್ಟವೇ ಪೇಟೆಗೆ ಬಂತು: 500 ಪತ್ರಗಳು, ತಲಾ 6,000 ಲಿವ್ರ್. ದೊರೆ ಒಂದು ಹುದ್ದೆ ಸೃಷ್ಟಿಸಿದಾಗಲೆಲ್ಲ ಅದನ್ನು ಕೊಳ್ಳಲು ದೇವರು ಒಬ್ಬ ಪೆದ್ದನನ್ನು ಸೃಷ್ಟಿಸುತ್ತಾನೆ ಎಂದು ಮಂತ್ರಿ ಪೋಂಶಾರ್ಟ್ರಾನ್ ನಗೆಯಾಡಿದನಂತೆ. ಕೊಂಡವರು ಪೆದ್ದರೇನಲ್ಲ. ಎಷ್ಟೋ ಹುದ್ದೆಗಳ ಬೆನ್ನಿಗೆ ತೆರಿಗೆ ವಿನಾಯಿತಿ ಬರುತ್ತಿತ್ತು. ದೊರೆ ಇಂದಿನ ಕಾಸಿಗಾಗಿ ನಾಳೆಯ ಕಂದಾಯವನ್ನೇ ಮಾರುತ್ತಿದ್ದ.

ಇಲ್ಲೊಂದು ಕೀಲು ಇದೆ, ಸ್ವಲ್ಪ ನಿಂತು ನೋಡಬೇಕು. ಯುದ್ಧಕ್ಕೆ ಹಣ ಬೇಕಾದಾಗ ದೊರೆ ಹುದ್ದೆದಾರರಿಗೆ ಹೇಳುತ್ತಿದ್ದ: ಇಷ್ಟು ಮೊತ್ತ ಕಟ್ಟಿ, ನಿಮ್ಮ ಸಂಬಳ ಇಷ್ಟು ಹೆಚ್ಚಾಗುತ್ತದೆ. ಹೆಸರಿಗೆ ಸಂಬಳ, ನಿಜದಲ್ಲಿ ಬಡ್ಡಿ. ನ್ಯಾಯಾಧೀಶನ ಬಳಿ ಅಷ್ಟು ನಗದು ಎಲ್ಲಿರುತ್ತದೆ? ಅವನು ತನ್ನ ಪೀಠವನ್ನೇ ಆಧಾರ ಇಟ್ಟು ಅತ್ತೆ, ಸೋದರಮಾವ, ಊರಿನ ವಿಧವೆಯರು, ಮಠದವರು, ಹೀಗೆ ಕಂಡವರಿಂದ ನೋಟರಿಯ ಮೂಲಕ ಸಾಲ ಎತ್ತಿ ದೊರೆಗೆ ಕಟ್ಟುತ್ತಿದ್ದ. ಆ ವಿಧವೆ ನೇರವಾಗಿ ದೊರೆಗೆ ಕೊಡಬಹುದಿತ್ತಲ್ಲ? ಕೊಡುತ್ತಿರಲಿಲ್ಲ. ಹುದ್ದೆದಾರ ಬಡ್ಡಿ ತಪ್ಪಿಸಿದರೆ ಕೋರ್ಟಿಗೆ ಎಳೆದು ಅವನ ಹುದ್ದೆಯನ್ನು ಜಪ್ತಿ ಮಾಡಿಸಬಹುದು. ದೊರೆ ತಪ್ಪಿಸಿದರೆ ಯಾರ ಮೇಲೆ ದಾವೆ ಹೂಡುವುದು? ದೊರೆ ಕಾನೂನಿನ ಮೇಲಿದ್ದಾನೆ ಎಂಬ ಆ ಘನವಾದ ಸೂತ್ರ ನೋಟರಿಯ ಮೇಜಿನ ಮೇಲೆ ಇಷ್ಟು ಸಣ್ಣದಾಗಿ ಕಾಣುತ್ತದೆ. ಬೂರ್ಗೋನ್, ಲಾಂಗ್‌ದೋಕ್ ಪ್ರಾಂತ್ಯಗಳ ಸಭೆಗಳೂ ದೊರೆಯ ಪರವಾಗಿ ಹೀಗೆಯೇ ತಮ್ಮ ಹೆಸರಿನಲ್ಲಿ ಸಾಲ ಎತ್ತಿದವು.

ಜನರ ಅಪನಂಬಿಕೆಗೆ ಕಾರಣವನ್ನು ಲೂಯಿ ತಾನೇ ಒದಗಿಸಿದ್ದ. 1661ರ ಮಾರ್ಚಿನಲ್ಲಿ ಮಂತ್ರಿ ಮಾಜರಿನ್ ಸತ್ತ ಮಾರನೇ ದಿನವೇ, ಇನ್ನು ಪ್ರಧಾನಮಂತ್ರಿ ಇಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದವನು ಆರು ತಿಂಗಳಲ್ಲಿ ಹಣಕಾಸು ಮುಖ್ಯಸ್ಥ ಫುಕೆಯನ್ನು ನಾಂತ್‌ನಲ್ಲಿ ಹಿಡಿಸಿದ. ಮೂರು ವರ್ಷ ವಿಚಾರಣೆ ನಡೆಯಿತು. ನ್ಯಾಯಾಧೀಶರು ಮರಣದಂಡನೆಗೆ ಒಪ್ಪದೆ ಗಡಿಪಾರು ವಿಧಿಸಿದರು. ದೊರೆಗೆ ಶಿಕ್ಷೆ ತಗ್ಗಿಸುವ ಅಧಿಕಾರವಿರುವುದು ಲೋಕರೂಢಿ, ಲೂಯಿ ಹೆಚ್ಚಿಸಿದ. ಗಡಿಪಾರು ಜೀವಾವಧಿ ಸೆರೆಯಾಯಿತು, ಫುಕೆ 1680ರಲ್ಲಿ ಪಿನ್ಯೆರೋಲ್ ಕೋಟೆಯಲ್ಲೇ ಸತ್ತ. ಫುಕೆಯ ವಿಚಾರಣೆ ನಡೆದ ಕಾಲದಲ್ಲೇ ವಿಶೇಷ ನ್ಯಾಯಾಲಯವೊಂದು ಸಾಹುಕಾರರ ಲೆಕ್ಕ ಕೆದಕಿ ದಂಡ ಹಾಕಿತು, ಕೋಲ್ಬೇರ್ ಹಳೆಯ ಸಾಲಪತ್ರಗಳ ಬಡ್ಡಿಗೆ ಕತ್ತರಿ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಖಜಾನೆಗೂ ಉಸಿರು ಬಂತು. ಸಾಲ ಕೊಡುವವರು ಮಾತ್ರ ಇದನ್ನು ಮರೆಯಲಿಲ್ಲ.

ಕಡಲ್ಗಾಲುವೆಯ ಆಚೆ ಇಂಗ್ಲೆಂಡಿನಲ್ಲಿ 1688ರ ನಂತರ ದೊರೆಯ ಕೈಯನ್ನು ಪಾರ್ಲಿಮೆಂಟು ಕಟ್ಟಿಹಾಕಿತ್ತು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿ ಆ ಸರ್ಕಾರಕ್ಕೆ 12 ಲಕ್ಷ ಪೌಂಡನ್ನು ಶೇ 8ರ ಬಡ್ಡಿಗೆ ಕೊಟ್ಟಿತು. ಮುಂದಿನ ದಶಕಗಳಲ್ಲಿ ಬಡ್ಡಿ ಇಳಿಯುತ್ತಲೇ ಹೋಯಿತು. ತೀರಿಸುವ ಹೊಣೆ ದೊರೆಯದಲ್ಲ, ಪಾರ್ಲಿಮೆಂಟಿನದು. ಸಾಲ ಕೊಟ್ಟವರಲ್ಲಿ ಹಲವರು ಅದೇ ಪಾರ್ಲಿಮೆಂಟಿನಲ್ಲಿ ಕೂತವರು. ಫ್ರಾನ್ಸಿನ ಜನಸಂಖ್ಯೆ ಎರಡು ಕೋಟಿ, ಇಂಗ್ಲೆಂಡಿನದು ಅದರ ಕಾಲು ಭಾಗದ ಆಸುಪಾಸು. ಆದರೂ ಕೈಕಟ್ಟಿಸಿಕೊಂಡ ಪುಟ್ಟ ರಾಜ್ಯದ ಚೀಟಿ ಓಡಿತು. ಲೂಯಿಯ ಸರ್ಕಾರ 1701ರಿಂದ ಹೊರಡಿಸಿದ ಕಾಗದದ ಹಣ ಕೆಲವೇ ವರ್ಷಗಳಲ್ಲಿ ಭಾರಿ ವಟ್ಟಕ್ಕೆ ಬಿತ್ತು.

ಲೂಯಿಯ ಆಸ್ಥಾನಕ್ಕೆ ಈ ಎಚ್ಚರಿಕೆ ಬಂದಿರಲಿಲ್ಲವೆಂದಲ್ಲ. ಅದು ಬಂದದ್ದು ನಮ್ಮ ದೇಶದ ಮೂಲಕ. ವೈದ್ಯ ಫ್ರಾನ್ಸ್ವಾ ಬರ್ನಿಯೆ ಔರಂಗಜೇಬನ ಕಾಲದ ದಿಲ್ಲಿಯಲ್ಲಿ ವರ್ಷಗಟ್ಟಲೆ ಇದ್ದು ಹಿಂತಿರುಗಿ, ಕೋಲ್ಬೇರನಿಗೆ ಒಂದು ದೀರ್ಘ ಪತ್ರ ಬರೆದ. ಮೊಘಲರ ರಾಜ್ಯದಲ್ಲಿ ಭೂಮಿಯೆಲ್ಲ ಬಾದಶಹನದು, ಯಾರಿಗೂ ಸ್ವಂತ ಆಸ್ತಿಯ ಭರವಸೆ ಇಲ್ಲ, ಅದಕ್ಕೇ ಹೊಲ ಪಾಳು, ಊರು ಹಾಳು ಎಂಬುದು ಅದರ ತಿರುಳು. ಇಲ್ಲಿನ ಭೂಹಿಡುವಳಿಯನ್ನು ಬರ್ನಿಯೆ ಸರಿಯಾಗಿ ಅರ್ಥಮಾಡಿಕೊಳ್ಳಲಿಲ್ಲ. ರೈತರಿಗಿದ್ದ ಅನುಭೋಗದ ಹಕ್ಕು, ಜಮೀನ್ದಾರರ ಪಾಲು ಅವನ ಕಣ್ಣಿಗೆ ಬೀಳಲಿಲ್ಲ. ಪೂರ್ವದ ದೊರೆಗಳೆಲ್ಲ ಸರ್ವಾಧಿಕಾರಿಗಳು ಎಂಬ ಯುರೋಪಿನ ಹಳೆಯ ಚಪಲಕ್ಕೆ ಆ ಪತ್ರ ಮೇವೂ ಆಯಿತು. ನನಗೆ ಕುತೂಹಲ ಇರುವುದು ಪತ್ರದ ವಿಳಾಸದ ಬಗ್ಗೆ. ಫ್ರಾನ್ಸಿನ ಹಣಕಾಸು ನೋಡುವವನಿಗೇ, ಆಸ್ತಿಗೆ ಕೈ ಹಾಕಿದರೆ ರಾಜ್ಯ ಮುಳುಗುತ್ತದೆ ಎಂದು ಬರೆಯುವಾಗ ಅವನ ಕಣ್ಣು ದಿಲ್ಲಿಯ ಮೇಲಷ್ಟೇ ಇತ್ತೇ? ಇದಕ್ಕೊಂದು ಬಾಲವಿದೆ. 1710ರಲ್ಲಿ ಎಲ್ಲರ ಆದಾಯದ ಮೇಲೂ ಹತ್ತನೇ ಒಂದು ಪಾಲಿನ ತೆರಿಗೆ ಹಾಕುವ ಮುನ್ನ ಲೂಯಿಯ ಮನಸ್ಸು ಅಳುಕಿತಂತೆ. ಪಾಪನಿವೇದನೆ ಕೇಳುವ ಪಾದ್ರಿ ಸೋರ್ಬಾನಿನ ಪಂಡಿತರನ್ನು ವಿಚಾರಿಸಿ ಬಂದು, ಪ್ರಜೆಗಳ ಆಸ್ತಿಯೆಲ್ಲ ದೊರೆಯದೇ, ತೆಗೆದುಕೊಂಡರೆ ತನ್ನದನ್ನೇ ತೆಗೆದುಕೊಂಡಂತೆ ಎಂದು ಸಮಾಧಾನ ಹೇಳಿದ ಎನ್ನುತ್ತಾನೆ ಸೇಂ-ಸಿಮೋನ್. ಬರ್ನಿಯೆ ದಿಲ್ಲಿಯ ಮೇಲೆ ಹೊರಿಸಿದ ಮಾತು ನಲವತ್ತು ವರ್ಷದಲ್ಲಿ ಪ್ಯಾರಿಸ್ಸಿನ ಶಾಸ್ತ್ರಿಗಳ ಬಾಯಲ್ಲಿ ಬಂದಿತ್ತು. ಬಂದರೇನು? ಚರ್ಚಿನವರು ಇಡಿಗಂಟು ಕೊಟ್ಟು ಆ ತೆರಿಗೆಯಿಂದ ಪಾರಾದರು. 1695ರ ತಲೆಗಂದಾಯದಿಂದಲೂ 2.4 ಕೋಟಿ ಲಿವ್ರ್ ಒಟ್ಟಿಗೆ ಕಟ್ಟಿ ಶಾಶ್ವತವಾಗಿ ಬಿಡಿಸಿಕೊಂಡಿದ್ದರು.

ವರ್ಸೇಲ್ಸ್? ಅದರ ಬಗ್ಗೆ ಎಲ್ಲರಿಗೂ ಗೊತ್ತು: 357 ಕನ್ನಡಿಗಳ ಸಭಾಂಗಣ, ದೊರೆ ಏಳುವಾಗ ಅಂಗಿ ಹಿಡಿಯಲು, ಮಲಗುವಾಗ ಮೇಣದ ಬತ್ತಿ ಹಿಡಿಯಲು ಡ್ಯೂಕುಗಳ ನೂಕುನುಗ್ಗಲು. ಶ್ರೀಮಂತರನ್ನು ಪಂಜರಕ್ಕೆ ಹಾಕಿದ ಜಾಣತನ ಎಂದು ಇದನ್ನು ಹೊಗಳುವುದುಂಟು. ಪಂಜರದ ಹಕ್ಕಿಗೆ ಕಾಳು ಹಾಕಿದ್ದು ಯಾರು ಎಂದು ಕೇಳುವವರು ಕಮ್ಮಿ. ಪಿಂಚಣಿ, ಸೇನಾ ಪದವಿ, ಚರ್ಚಿನ ಉತ್ಪತ್ತಿಗಳೆಲ್ಲ ಆ ಬತ್ತಿ ಹಿಡಿದವರ ಮನೆಗಳಿಗೇ ಹರಿದವು. ನನಗೆ ವರ್ಸೇಲ್ಸಿನಲ್ಲಿ ಅರ್ಥಪೂರ್ಣವಾಗಿ ಕಾಣುವುದು ಕನ್ನಡಿಯಲ್ಲ, ಕಾರಂಜಿ. ಆ ದಿಬ್ಬಕ್ಕೆ ನೀರಿಲ್ಲ. ಸೇನ್ ನದಿಯಿಂದ ನೀರೆತ್ತಲು 1684ರಲ್ಲಿ ಮಾರ್ಲಿಯಲ್ಲಿ 14 ಚಕ್ರಗಳ ದೈತ್ಯ ಯಂತ್ರ ಕೂರಿಸಿದರು, ಸಾಲಲಿಲ್ಲ. ಏರ್ ನದಿಯನ್ನೇ ತಿರುಗಿಸಲು ಹೊರಟು ಮ್ಯಾಂತೆನೋಂ ಬಳಿ ಸಾವಿರಾರು ಸೈನಿಕರನ್ನು ಮಣ್ಣು ಹೊರಲು ಹಚ್ಚಿದರು; ಜ್ವರಕ್ಕೆ ಗುಂಪುಗುಂಪಾಗಿ ಸತ್ತರು, 1688ರ ಯುದ್ಧ ಬಂದು ಕೆಲಸ ಅರ್ಧಕ್ಕೇ ನಿಂತಿತು. ಕಾರಂಜಿಗಳೆಲ್ಲ ಒಟ್ಟಿಗೆ ಚಿಮ್ಮುವಷ್ಟು ನೀರು ಯಾವತ್ತೂ ಬರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದರು. ದೊರೆ ತಿರುಗಾಡಲು ಬಂದಾಗ ನೀರಿನವರು ತೋಟದ ಉದ್ದಕ್ಕೂ ಕಾಯುತ್ತಿದ್ದರು. ಅವನು ಒಂದು ಕೊಳದ ಹತ್ತಿರ ಬಂದಂತೆ ಒಬ್ಬ ಸಿಳ್ಳೆ ಹಾಕಿದರೆ ಮುಂದಿನವನು ತಿರುಪು ತಿರುಗಿಸಿ ನೀರು ಬಿಡುತ್ತಿದ್ದ. ದೊರೆ ಮರೆಯಾದೊಡನೆ ಹಿಂದಿನ ಕಾರಂಜಿ ಬಂದ್. ಅವನ ಕಣ್ಣು ಬಿದ್ದಲ್ಲೆಲ್ಲ ನೀರು ಕುಣಿಯುತ್ತಿತ್ತು.

ಪ್ರಾಂತ್ಯಗಳಲ್ಲೂ ಹೀಗೆಯೇ. ಸುಮಾರು ಮೂವತ್ತು ಮಂದಿ ಇಂಟೆಂಡೆಂಟರು ದೊರೆಯ ಕಣ್ಣಾಗಿ ದೇಶ ಸುತ್ತುತ್ತಿದ್ದರು. ಎರಡು ಕೋಟಿ ಜನಕ್ಕೆ ಮೂವತ್ತು ಕಣ್ಣು. ಅವರು ಸ್ಥಳೀಯ ಗಣ್ಯರೊಂದಿಗೆ ಹೊಂದಿಕೊಂಡೇ ಕೆಲಸ ತೆಗೆಯಬೇಕಿತ್ತು. ಲಾಂಗ್‌ದೋಕಿನ ಲೆಕ್ಕಪತ್ರ ಜಾಲಾಡಿದ ಇತಿಹಾಸಕಾರ ವಿಲಿಯಂ ಬೈಕ್ 1985ರ ತನ್ನ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ದೊರೆಯ ಹೆಸರಿನಲ್ಲಿ ಎತ್ತಿದ ತೆರಿಗೆಯ ಗಣನೀಯ ಪಾಲು ಬಡ್ಡಿ, ಸಂಬಳ, ಸಂಭಾವನೆಯ ರೂಪದಲ್ಲಿ ಅದೇ ಪ್ರಾಂತ್ಯದ ಗಣ್ಯರ ಜೇಬಿಗೆ ಮರಳುತ್ತಿತ್ತು. ಮೆಡಿಟರೇನಿಯನ್ನನ್ನು ಅಟ್ಲಾಂಟಿಕ್ ಕಡೆಗೆ ಜೋಡಿಸಿದ 240 ಕಿಲೋಮೀಟರ್ ಕಾಲುವೆ ಸೂರ್ಯರಾಜನ ಮಹಾಸಾಧನೆ ಎಂದು ಹೆಸರಾಗಿದೆ. ದುಡ್ಡು ಹಾಕಿದವರು ದೊರೆ, ಪ್ರಾಂತ್ಯದ ಸಭೆ ಮತ್ತು ಪಿಯೇರ್-ಪಾಲ್ ರಿಕೆ. ಈ ರಿಕೆ ಯಾರು? ಉಪ್ಪಿನ ತೆರಿಗೆಯ ಗುತ್ತಿಗೆದಾರ.

ಉಪ್ಪಿನ ಮಾತು ಬಂದಲ್ಲಿ ದೃಶ್ಯ ಬದಲಾಗುತ್ತದೆ. 'ದೊಡ್ಡ ಉಪ್ಪಿನ ಸೀಮೆ' ಎಂದು ಕರೆಯುತ್ತಿದ್ದ ಉತ್ತರ ಮತ್ತು ನಡುವಿನ ಪ್ರಾಂತ್ಯಗಳಲ್ಲಿ ಎಂಟು ವರ್ಷ ಮೀರಿದ ಪ್ರತಿ ತಲೆಯ ಲೆಕ್ಕದಲ್ಲಿ ಇಂತಿಷ್ಟು ಉಪ್ಪನ್ನು ದೊರೆಯ ಮಳಿಗೆಯಿಂದ, ದೊರೆ ಹೇಳಿದ ಬೆಲೆಗೆ ಕೊಳ್ಳಲೇಬೇಕು. 1680ರ ಸುಗ್ರೀವಾಜ್ಞೆ ಅದನ್ನು 14 ಮಂದಿಗೆ ಒಂದು ಮಿನೊ ಅಳತೆ ಎಂದು ಗೊತ್ತುಮಾಡಿತು. ಆ ಉಪ್ಪು ಅಡುಗೆಯ ಪಾತ್ರೆಗೆ ಮತ್ತು ಊಟದ ಮೇಜಿಗೆ ಮಾತ್ರ. ಮಿಕ್ಕಿತೆಂದು ಚಳಿಗಾಲಕ್ಕೆ ಹಂದಿಮಾಂಸಕ್ಕೆ ಹಾಕಿಟ್ಟರೆ ಅಪರಾಧ. ಅದಕ್ಕೆ ಬೇರೆ ಕೊಳ್ಳಬೇಕು. ಪಕ್ಕದ ಬ್ರಿಟನಿ ಪ್ರಾಂತ್ಯ ಫ್ರಾನ್ಸಿಗೆ ಸೇರುವಾಗ ಪಡೆದ ಹಕ್ಕಿನಿಂದ ಅಲ್ಲಿ ಈ ತೆರಿಗೆಯೇ ಇಲ್ಲ, ಉಪ್ಪಿನ ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ. ಗಡಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಉಪ್ಪು ಕದ್ದು ಸಾಗಿಸುತ್ತಿದ್ದರು. ಸಿಕ್ಕಿಬಿದ್ದ ಗಂಡಸು ದಂಡ ಕಟ್ಟಲಾಗದಿದ್ದರೆ ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಹೋಗುತ್ತಿದ್ದ. ಹಕ್ಕುಪತ್ರ ಇದ್ದ ಬ್ರಿಟನಿಗೆ ಉಪ್ಪಿನ ರಿಯಾಯಿತಿ ಉಳಿಯಿತು. ಹಕ್ಕುಪತ್ರ ಇಲ್ಲದ ಒಕ್ಕಲಿನ ಅಡುಗೆಮನೆಯಲ್ಲಿ ಮಾತ್ರ ಯಾವ ಮಡಕೆಗೆ ಯಾವ ಉಪ್ಪು ಎಂದು ದೊರೆ ಬಗ್ಗಿ ನೋಡುತ್ತಿದ್ದ.

ಮತ್ತು ಪ್ರೊಟೆಸ್ಟೆಂಟರು. ಲೂಯಿಯ ಅಜ್ಜ ನಾಲ್ಕನೇ ಹೆನ್ರಿ 1598ರಲ್ಲಿ ನಾಂತ್ ಶಾಸನದ ಮೂಲಕ ಅವರಿಗೆ ಪೂಜೆಯ ಹಕ್ಕು ಕೊಟ್ಟಾಗ ಜೊತೆಗೆ ಕೋಟೆಯೂರುಗಳೂ ಇದ್ದವು. 1629ರಲ್ಲಿ ಕೋಟೆಗಳು ಹೋದವು, ಕಾಗದ ಉಳಿಯಿತು, ಅಂದರೆ ದೊರೆಯ ಮಾತು ಉಳಿಯಿತು. 1681ರಲ್ಲಿ ಪ್ವಾತೂ ಪ್ರಾಂತ್ಯದಲ್ಲಿ ಅವರ ಮನೆಗಳಲ್ಲಿ ಸೈನಿಕರನ್ನು ಇಳಿಸುವ ಪ್ರಯೋಗ ಶುರುವಾಯಿತು. ಮತಾಂತರಕ್ಕೆ ಒಪ್ಪುವವರೆಗೆ ಸೈನಿಕರು ಮನೆಯಲ್ಲೇ ಉಂಡು, ಕುಡಿದು, ಸಾಮಾನು ಮಾರಿ, ಮನೆಯವರನ್ನು ನಿದ್ದೆಗೆಡಿಸಿ ಕೂರುವುದು. 1685ರ ಅಕ್ಟೋಬರಿನಲ್ಲಿ ಶಾಸನವನ್ನೇ ರದ್ದು ಮಾಡಿದ. ಧರ್ಮಗುರುಗಳು 15 ದಿನದಲ್ಲಿ ದೇಶ ಬಿಡಬೇಕು, ಜನಸಾಮಾನ್ಯರು ಬಿಡಕೂಡದು. ಬಿಟ್ಟು ಓಡುವಾಗ ಸಿಕ್ಕರೆ ಗಂಡಸರಿಗೆ ಮತ್ತದೇ ಹಡಗಿನ ಹುಟ್ಟು. ಆದರೂ ಸುಮಾರು 2 ಲಕ್ಷ ಜನ ಹೊರಟುಹೋದರು: ನೇಕಾರರು, ಗಡಿಯಾರ ಕೆಲಸದವರು, ವ್ಯಾಪಾರಿಗಳು, ಸೇನಾಧಿಕಾರಿಗಳು. ಕೆಲವೇ ವಾರಗಳಲ್ಲಿ ಬ್ರಾಂಡೆನ್‌ಬರ್ಗಿನ ದೊರೆ ಪಾಟ್ಸ್‌ಡ್ಯಾಮಿನಿಂದ ಅವರಿಗೆ ಸ್ವಾಗತದ ಆಜ್ಞೆ ಹೊರಡಿಸಿದ. ಗೋಲ್ಕೊಂಡದಿಂದ ತಂದ ದೊಡ್ಡ ನೀಲಿ ವಜ್ರವನ್ನು ಲೂಯಿಗೆ ಮಾರಿ ಶ್ರೀಮಂತ ಪಟ್ಟ ಗಿಟ್ಟಿಸಿದ ವ್ಯಾಪಾರಿ ತಾವೆರ್ನಿಯೆ ಕೂಡ ಪ್ರೊಟೆಸ್ಟೆಂಟ್. ಅವನು 1689ರಲ್ಲಿ ಮಾಸ್ಕೋದಲ್ಲಿ ಸತ್ತ. ಮಾರ್ಲಿಯ ತೋಟ ನೋಡಿದ ನಮ್ಮ ಬರ್ನಾರ್ ಹುಟ್ಟಿದ್ದೂ ಅದೇ ಮತದಲ್ಲಿ; ಅವನು 1685ರಲ್ಲಿ ಮತ ಬದಲಿಸಿ ಪ್ಯಾರಿಸ್ಸಿನಲ್ಲೇ ಉಳಿದ. ಜಿನೀವಾ, ಆಮ್‌ಸ್ಟರ್‌ಡ್ಯಾಮುಗಳ ಪ್ರೊಟೆಸ್ಟೆಂಟ್ ಸಾಹುಕಾರರೊಂದಿಗಿನ ಅವನ ನಂಟೇ ದೊರೆಗೆ ಆಮೇಲೆ ಬೇಕಾಗಿ ಬಂತು.

ಈಚಿನ ಇತಿಹಾಸಕಾರರಲ್ಲಿ ಒಂದು ಪಕ್ಷ, ನಿರಂಕುಶ ಪ್ರಭುತ್ವ ಎಂಬುದೇ ಒಂದು ಮಿಥ್ಯೆ ಎನ್ನುತ್ತದೆ. ನಿಕೊಲಸ್ ಹೆನ್ಶಾಲ್ 1992ರ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೇ ಆ ಮಾತಿದೆ. ದೊರೆ ಎಲ್ಲರೊಂದಿಗೆ ಚೌಕಾಸಿ ಮಾಡಿಯೇ ಆಳಿದ, ಇಂಗ್ಲೆಂಡಿಗೂ ಫ್ರಾನ್ಸಿಗೂ ಹೇಳುವಂಥ ವ್ಯತ್ಯಾಸವಿಲ್ಲ ಎಂಬುದು ವಾದ. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಅದಕ್ಕೆ ಪೂರಕವೆಂದೇ ಕಾಣಬಹುದು. ಆದರೂ ಆ ಪಕ್ಷದಲ್ಲಿ ನಾನಿಲ್ಲ. ಚೌಕಾಸಿ ಎಂಬುದು ಇಬ್ಬರ ಕೈಯಲ್ಲೂ ಏನಾದರೂ ಇದ್ದಾಗ ನಡೆಯುವ ಮಾತು. ಮನೆಯೊಳಗೆ ಕುದುರೆ ಸೈನಿಕರನ್ನು ಇಳಿಸಿಕೊಂಡ ನೇಕಾರನಿಗೆ, ಆ ದೊರೆಯ ಅಧಿಕಾರ ಲಾಂಗ್‌ದೋಕಿನಲ್ಲಿ ಎಷ್ಟು ಸೀಮಿತವಾಗಿದೆ ಗೊತ್ತೇ ಎಂದು ಹೇಳಿ ನೋಡಬೇಕು. ಲೂಯಿಯ ಅಧಿಕಾರಕ್ಕೆ ಮಿತಿಗಳಿದ್ದವು, ಆ ಮಿತಿಗಳೆಲ್ಲ ಉಳ್ಳವರ ಮನೆಯ ಬೇಲಿಗಳಾಗಿದ್ದವು. ಅವುಗಳನ್ನು ಕಿತ್ತು ಎಲ್ಲರಿಗೂ ಒಂದೇ ತೆರಿಗೆ ಹಾಕೋಣವೆಂದರೆ ಅವನಿಗೆ ಸಾಲ ಹುಟ್ಟುತ್ತಿದ್ದುದೇ ಆ ಬೇಲಿಗಳ ಅಡಮಾನದ ಮೇಲೆ. ಎಲ್ಲರಿಂದಲೂ ಸಮನಾಗಿ ಹತ್ತನೇ ಪಾಲು ಎತ್ತಿ, ಹಳೆಯ ತೆರಿಗೆಗಳನ್ನು ಬಿಡಿ ಎಂದು ಕೋಟೆ ಕಟ್ಟುವ ಎಂಜಿನಿಯರ್ ವೋಬಾನ್ ಪುಸ್ತಕ ಬರೆದು 1707ರಲ್ಲಿ ಅಚ್ಚು ಹಾಕಿಸಿದ. ದೊರೆಗೆ ಅರ್ಧ ಶತಮಾನ ನಿಷ್ಠೆಯಿಂದ ದುಡಿದ ಮುದುಕ. ಪುಸ್ತಕವನ್ನು ನಿಷೇಧಿಸಿದರು, ಅದೇ ವರ್ಷದ ಮಾರ್ಚಿನಲ್ಲಿ ವೋಬಾನ್ ತೀರಿಕೊಂಡ.

ಬರಗಾಲದ ಲೆಕ್ಕವನ್ನು ದೊರೆಯ ಲೆಕ್ಕಕ್ಕೆ ಪೂರ್ತಿ ಬರೆಯುವುದು ನ್ಯಾಯವಲ್ಲ. ಮಳೆ, ಹಿಮ ಅವನ ಕೈಯಲ್ಲಿರಲಿಲ್ಲ. ಆದರೆ 1693–94ರಲ್ಲಿ ಬೆಳೆ ಕೈಕೊಟ್ಟಾಗ ಹಳ್ಳಿಗಳಲ್ಲಿ ಕಣಜ ತುಂಬಿಡುವ ತ್ರಾಣವೇ ಉಳಿದಿರಲಿಲ್ಲ, ತೆರಿಗೆ ಮತ್ತು ಸೈನ್ಯ ಎರಡೂ ಅದನ್ನು ಬಳಿದಿದ್ದವು. ಸತ್ತವರು ಸುಮಾರು 13 ಲಕ್ಷ ಎಂದು ಇತಿಹಾಸಕಾರರ ಅಂದಾಜು. 1709ರ ಜನವರಿ 5ರ ರಾತ್ರಿ ಬಿದ್ದ ಚಳಿಗೆ ನದಿಗಳು ಹೆಪ್ಪುಗಟ್ಟಿದವು, ಬಿತ್ತಿದ ಗೋಧಿ ನೆಲದಲ್ಲೇ ಸತ್ತಿತು. ಮೇ ತಿಂಗಳಲ್ಲಿ ವಿದೇಶಾಂಗ ಮಂತ್ರಿ ತೋರ್ಸಿ, ಸ್ಪೇನಿನ ಪಟ್ಟಕ್ಕಾಗಿ ನಡೆದಿದ್ದ ಯುದ್ಧದಲ್ಲಿ ಸಂಧಿ ಬೇಡಲು ಹೇಗ್ ನಗರಕ್ಕೆ ಹೋದ. ಶತ್ರುಗಳು 40 ಷರತ್ತು ಮುಂದಿಟ್ಟರು. ಸ್ಪೇನಿನ ಪಟ್ಟದಲ್ಲಿದ್ದ ಮೊಮ್ಮಗನನ್ನು ಇಳಿಸಲು, ಬೇಕಾದರೆ ಲೂಯಿಯೇ ನೆರವಾಗಬೇಕು ಎಂಬುದು ಅದರಲ್ಲಿ ಸೇರಿತ್ತು.

ಆಗ ಜೂನ್ 12ರಂದು ನಿರಂಕುಶ ಪ್ರಭು ಹಿಂದೆಂದೂ ಮಾಡದ ಕೆಲಸ ಮಾಡಿದ. ಪ್ರಾಂತ್ಯಗಳ ರಾಜ್ಯಪಾಲರಿಗೆ ಪತ್ರ ಬರೆಸಿ, ಶತ್ರುಗಳು ಕೇಳಿದ್ದೇನು, ತಾನು ಕೊಡಲು ಒಪ್ಪಿದ್ದೇನು, ಯಾವುದು ಒಪ್ಪಲಾಗದ್ದು ಎಂದು ವಿವರಿಸಿ, ಪ್ರಜೆಗಳಿಗೆ ತಿಳಿಸಿ ಎಂದ. ಪತ್ರ ಅಚ್ಚಾಗಿ ಊರೂರಿಗೆ ಹೋಯಿತು, ಚರ್ಚುಗಳಲ್ಲಿ ಓದಿದರು. ಆಜ್ಞೆ ಮಾಡುವವನು ಕಾರಣ ಹೇಳಬೇಕಾಗಿ ಬಂದಿತ್ತು. ತನ್ನ ಊಟದ ಚಿನ್ನದ ತಟ್ಟೆಗಳನ್ನು ಟಂಕಸಾಲೆಗೆ ಕಳಿಸಿ ಕರಗಿಸಿದ; ಡ್ಯೂಕುಗಳು ಬೆಳ್ಳಿ ಬಿಟ್ಟು ಪಿಂಗಾಣಿಯಲ್ಲಿ ಉಂಡರು. ಹೊಟ್ಟೆಗಿಲ್ಲದೆ ಸೈನ್ಯ ಸೇರಿದ ರೈತರ ಮಕ್ಕಳು ಸೆಪ್ಟೆಂಬರ್ 11ರಂದು ಮಾಲ್‌ಪ್ಲಾಕೆಯಲ್ಲಿ ಸೋತರೂ ಶತ್ರುವಿನ ಕಡೆ ತಮಗಿಂತ ಎಷ್ಟೋ ಹೆಚ್ಚು ಹೆಣ ಬೀಳಿಸಿದರು. ರಾಜ್ಯ ಉಳಿಯಿತು. ಸುಮಾರು ಐವತ್ತು ವರ್ಷದ ಸ್ವಂತ ಆಳ್ವಿಕೆಯಲ್ಲಿ ಅವನ ಮಾತಿಗೆ ಪೂರ್ತಿ ಬೆಲೆ ಬಂದದ್ದು ಅವನು ಒಮ್ಮೆ ಕೇಳಿಕೊಂಡಾಗ ಎಂಬುದನ್ನು ಅವನು ಗಮನಿಸಿದನೋ ಇಲ್ಲವೋ, ಆ ಪ್ರಯೋಗ ಪದ್ಧತಿಯಾಗಲಿಲ್ಲ. 1614ರಿಂದ ಸೇರದಿದ್ದ, ಇಡೀ ರಾಜ್ಯದ ಪ್ರತಿನಿಧಿಗಳ ಮಹಾಸಭೆಯನ್ನು ಅವನು ಕರೆಯಲೂ ಇಲ್ಲ.

ಸಾಯುವಾಗ ಸಾಲ 200 ಕೋಟಿ ಲಿವ್ರ್ ಆಸುಪಾಸಿತ್ತು. ಮಗ, ಮೊಮ್ಮಗ, ದೊಡ್ಡ ಮರಿಮಗ ಎಲ್ಲರೂ ಮೊದಲೇ ಹೋಗಿದ್ದರು. ಪಟ್ಟಕ್ಕೆ ಉಳಿದವನು ಹಸುಳೆ. ರಾಜಪ್ರತಿನಿಧಿಯಾಗುವ ತಮ್ಮನ ಮಗ ಓರ್ಲಿಯಾನ್ ಡ್ಯೂಕನ ಮೇಲೆ ಲೂಯಿಗೆ ನಂಬಿಕೆಯಿಲ್ಲ. ಅದಕ್ಕೆ 1714ರಲ್ಲಿ ವಿಲ್ ಬರೆದ: ಅಧಿಕಾರ ಒಂದು ಮಂಡಳಿಗೆ, ಮಗುವಿನ ಪಾಲನೆ ಮದುವೆಯಾಚೆ ಹುಟ್ಟಿದ ತನ್ನ ಮಗನಿಗೆ. ಪಾರ್ಲೆಮಾನಿನ ನ್ಯಾಯಾಧೀಶರಿಗೆ ಅದನ್ನು ಮೊಹರು ಹಾಕಿ ಕೊಟ್ಟ. ಅವರು ನ್ಯಾಯಾಲಯದ ಗೋಪುರದ ಗೋಡೆಯಲ್ಲಿ ಕಂಡಿ ಕೊರೆಸಿ ಒಳಗಿಟ್ಟು ಕಬ್ಬಿಣದ ಬಾಗಿಲು ಹಾಕಿಸಿದರು. ಮೂರು ಬೀಗದ ಕೈ, ಮೂವರ ಬಳಿ. ಇದು ನಡೆಯುವುದಿಲ್ಲವೆಂದು ಅವನಿಗೇ ಅನುಮಾನವಿತ್ತು. ಅವನ ಅಪ್ಪನ ವಿಲ್ಲನ್ನು ಸತ್ತ ನಾಲ್ಕೇ ದಿನಕ್ಕೆ, 1643ರ ಮೇ 18ರಂದು, ಇದೇ ಪಾರ್ಲೆಮಾನ್ ಬದಿಗೆ ಸರಿಸಿತ್ತು. ಆಗ ಸಭೆಯ ಎತ್ತರದ ಪೀಠದಲ್ಲಿ ಕೂರಿಸಿದ್ದ ಮಗು ತಾನೇ.

1715ರ ಸೆಪ್ಟೆಂಬರ್ 1ರಂದು ದೊರೆ ಸತ್ತ. 2ರಂದು ಮೂರೂ ಬೀಗ ತೆಗೆದರು, ವಿಲ್ ಓದಿದರು, ರದ್ದು ಮಾಡಿದರು. ಪೂರ್ಣಾಧಿಕಾರ ಪಡೆದ ಓರ್ಲಿಯಾನ್ ಡ್ಯೂಕ್ 1673ರಲ್ಲಿ ಕಟ್ಟಿದ್ದ ಬಾಯಿಯನ್ನು ಎರಡು ವಾರದೊಳಗೆ ಬಿಚ್ಚಿಕೊಟ್ಟ. 9ರಂದು ಶವದ ಬಂಡಿ ಸೇಂ-ದೆನಿಗೆ ಹೊರಟಾಗ ದಾರಿಯ ಬದಿ ಡೇರೆ ಹಾಕಿಕೊಂಡು ಜನ ಕುಡಿದು ಹಾಡುತ್ತಿದ್ದುದನ್ನು ಇಪ್ಪತ್ತರ ಹುಡುಗ ವೋಲ್ಟೇರ್ ನೋಡಿದ್ದ. 12ರಂದು ಐದು ವರ್ಷದ ಹೊಸ ದೊರೆಯನ್ನು ಪಾರ್ಲೆಮಾನಿನ ಅದೇ ಸಭಾಂಗಣಕ್ಕೆ ಕರೆತಂದು ಎತ್ತರದ ಪೀಠದಲ್ಲಿ ಕೂರಿಸಿದರು.